ಹಳೆ ಗೇಮ್‌ಗಳಲ್ಲಿ ನಿಮ್ಮ ಫೇವರಿಟ್ ಯಾವುದು ಎಂದು ಕೇಳುವವರಿಗೆ

ಚಿಕ್ಕಂದಿನಿಂದ ವಿಡಿಯೊ ಗೇಮ್ ಆಡುತ್ತಲೇ ಬಂದಿದ್ದೇನೆ ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಕೇಳುವವರಿಗೆ ಬೇಕಿರುವುದು ಒಂದು ಹೆಸರು. ಹಾಗಾಗಿ ಮೊದಲು ಹೆಸರು ಹೇಳಿಬಿಡುತ್ತೇನೆ: ಪ್ಯಾಕ್‌ಮ್ಯಾನ್. ಎರಡನೆಯದು ಪ್ರಿನ್ಸ್ ಆಫ್ ಪರ್ಷಿಯಾ. ಮೂರನೆಯ ಜಾಗಕ್ಕೆ ಮಾರಿಯೊ ಮತ್ತು ಟೆಟ್ರಿಸ್ ಇನ್ನೂ ಕಿತ್ತಾಡುತ್ತಿವೆ.

"ಹಳೆ ನೆನಪು ಅಷ್ಟೇ, ಅಲ್ವಾ?" ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅಲ್ಲ. ಆಗ ತುಂಬಾ ಇಷ್ಟಪಟ್ಟು ಆಡಿದ ಎಷ್ಟೋ ಗೇಮ್‌ಗಳನ್ನು ಈಗ ಹತ್ತು ನಿಮಿಷವೂ ಆಡಲಾಗುವುದಿಲ್ಲ. ನಾನು ನೋಡುವುದು ಒಂದೇ ವಿಷಯ: ಸೋತಾಗ ಯಾಕೆ ಸೋತೆ ಎಂದು ತಿಳಿಯಬೇಕು. "ಇದು ಮೋಸ" ಅನ್ನಿಸಿದರೆ ಎದ್ದುಬಿಡುತ್ತೇನೆ. "ಛೆ, ಎಡಕ್ಕೆ ತಿರುಗಬೇಕಿತ್ತು" ಅನ್ನಿಸಿದರೆ ಇನ್ನೊಂದು ಆಟ ಗ್ಯಾರಂಟಿ.

ಪ್ಯಾಕ್‌ಮ್ಯಾನ್ ಈ ವಿಷಯದಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕ. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯಲ್ಲಿ ತೊರು ಇವಾತಾನಿ ಮತ್ತು ಅವರ ತಂಡ ಮಾಡಿದ ಆಟ ಇದು: ಸುತ್ತುಬಳಸು ದಾರಿಗಳಲ್ಲಿ ಚುಕ್ಕೆಗಳನ್ನು ತಿನ್ನುತ್ತಾ, ಬೆನ್ನಟ್ಟುವ ದೆವ್ವಗಳಿಂದ ತಪ್ಪಿಸಿಕೊಳ್ಳಬೇಕು. ಹೊಸಬರಿಗೆ ನಾಲ್ಕು ದೆವ್ವಗಳು ಸುಮ್ನೆ ದಿಕ್ಕಾಪಾಲಾಗಿ ಓಡುವ ಹಾಗೆ ಕಾಣುತ್ತದೆ. ಹಾಗಲ್ಲ, ಒಂದೊಂದಕ್ಕೂ ಒಂದೊಂದು ನಿಯಮವಿದೆ. ಕೆಂಪು ಬಣ್ಣದ ಬ್ಲಿಂಕಿ ನೇರವಾಗಿ ನಿಮ್ಮ ಬೆನ್ನು ಹತ್ತುತ್ತದೆ. ಗುಲಾಬಿ ಬಣ್ಣದ ಪಿಂಕಿ ನೀವಿರುವ ಕಡೆಗೆ ಗುರಿ ಇಡುವುದೇ ಇಲ್ಲ. ನೀವು ಮುಖ ಮಾಡಿದ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದಕ್ಕೆ ಲೆಕ್ಕ ಹಾಕಿ ಅಡ್ಡ ಬರಲು ನೋಡುತ್ತದೆ. ಕಿತ್ತಳೆ ಬಣ್ಣದ ಕ್ಲೈಡ್ ದೂರವಿರುವಾಗ ಬೆನ್ನಟ್ಟುತ್ತದೆ, ಎಂಟು ಚೌಕದೊಳಗೆ ಬಂತೆಂದರೆ ತಾನೇ ಕೆಳಗಿನ ಎಡಮೂಲೆಯ ದಾರಿ ಹಿಡಿಯುತ್ತದೆ. ತಿಳಿನೀಲಿ ಇಂಕಿ ನಿಮ್ಮ ಜಾಗ, ಬ್ಲಿಂಕಿಯ ಜಾಗ ಎರಡನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ ಅದರ ನಡೆ ಊಹಿಸುವುದು ಕಷ್ಟ. ನನ್ನನ್ನು ಜಾಸ್ತಿ ಕೊಂದಿರುವುದೂ ಅದೇ.

ಇಷ್ಟು ತಿಳಿದ ಮೇಲೆ ಆಟವೇ ಬೇರೆಯಾಗುತ್ತದೆ. ಪಿಂಕಿ ಎದುರಿಗೆ ಬಂದಾಗ ಓಡಬೇಕಿಲ್ಲ. ಅದರ ಕಡೆಗೇ ನುಗ್ಗಿದರೆ ಅದರ ಗುರಿ ಅದರ ಬೆನ್ನ ಹಿಂದೆ ಬೀಳುತ್ತದೆ, ಎಷ್ಟೋ ಸಲ ಅದೇ ಪಕ್ಕಕ್ಕೆ ತಿರುಗಿಬಿಡುತ್ತದೆ. ದೆವ್ವಗಳು ಆಗಾಗ ಬೆನ್ನಟ್ಟುವುದನ್ನು ಬಿಟ್ಟು ತಮ್ಮ ತಮ್ಮ ಮೂಲೆಗೆ ಹೋಗುತ್ತವೆ. ಮೊದಲ ಲೆವೆಲ್ ಶುರುವಾಗುವಾಗ 7 ಸೆಕೆಂಡ್ ಹೀಗೆ, ಆಮೇಲೆ 20 ಸೆಕೆಂಡ್ ಬೇಟೆ. ಅದಕ್ಕೇ ನಡುವೆ ಉಸಿರಾಡಲು ಸ್ವಲ್ಪ ಬಿಡುವು ಸಿಗುವುದು. ಒಂದೇ ರೀತಿ ಆಡಿದರೆ ಆಟವೂ ಒಂದೇ ರೀತಿ ನಡೆಯುತ್ತದೆ. ಹಾಗಾಗಿ ದಾರಿಯನ್ನೇ ಬಾಯಿಪಾಠ ಮಾಡಿಕೊಂಡು ಆಡುವವರಿದ್ದಾರೆ. ಅವರನ್ನು ಕೊನೆಗೆ ನಿಲ್ಲಿಸುವುದು 256ನೇ ಲೆವೆಲ್. ಲೆವೆಲ್ ಎಣಿಸಲು ಒಂದೇ ಬೈಟ್ (255ರವರೆಗೆ ಮಾತ್ರ ಎಣಿಸಬಲ್ಲ ಮೆಮೊರಿ ಜಾಗ) ಇಟ್ಟಿದ್ದರಿಂದ ಅಲ್ಲಿ ಲೆಕ್ಕ ತಪ್ಪಿ ಪರದೆಯ ಬಲಭಾಗವೆಲ್ಲ ಚೆಲ್ಲಾಪಿಲ್ಲಿಯಾದ ಅಕ್ಷರ, ಚಿಹ್ನೆಗಳಿಂದ ತುಂಬಿಹೋಗುತ್ತದೆ. ಅಷ್ಟು ದೂರ ನಾನು ಹೋಗಿಲ್ಲ, ಹೋಗುವ ಆಸೆಯೂ ಇಲ್ಲ.

ಪ್ರಿನ್ಸ್ ಆಫ್ ಪರ್ಷಿಯಾ 1989ರಲ್ಲಿ ಆ್ಯಪಲ್ ಟು ಕಂಪ್ಯೂಟರ್‌ಗೆ ಬಂದಿತು. ಅದನ್ನು ಮಾಡಿದ ಜೋರ್ಡಾನ್ ಮೆಕ್ನರ್ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಅದನ್ನು ನೋಡಿ ಒಂದೊಂದೇ ಚಿತ್ರ ಬರೆದರು. ರಾಜಕುಮಾರನಿಗೆ ಮೈಭಾರ ಇದೆ ಅನ್ನಿಸುವುದು ಅದಕ್ಕೇ. ಓಡುತ್ತಿದ್ದವನು ಥಟ್ಟನೆ ನಿಲ್ಲುವುದಿಲ್ಲ, ಒಂದು ಹೆಜ್ಜೆ ಜಾರಿಯೇ ನಿಲ್ಲುತ್ತಾನೆ. ಹೊಸಬರಿಗೆ ಸಿಟ್ಟು ಬರುವುದೂ ಇಲ್ಲಿಯೇ. ಆದರೆ ಹೆಜ್ಜೆಯ ಲೆಕ್ಕ ಯಾವತ್ತೂ ಬದಲಾಗುವುದಿಲ್ಲ, ಅದು ಕೈಗೆ ಹತ್ತಿದರೆ ಗುಂಡಿಗೆ ಬಿದ್ದಾಗ ಬೈದುಕೊಳ್ಳಬೇಕಾದದ್ದು ನಿಮ್ಮನ್ನೇ. ಇಡೀ ಆಟಕ್ಕೆ ಸಿಗುವ ಸಮಯ 60 ನಿಮಿಷ.

ಅದರಲ್ಲಿರುವ ನೆರಳಿನ ಮನುಷ್ಯನ ಬಗ್ಗೆ ಹೇಳದಿದ್ದರೆ ಹೇಗೆ? (ಆಡದೇ ಇರುವವರು ಈ ಪ್ಯಾರಾ ಬಿಟ್ಟುಬಿಡಿ.) ಇನ್ನೊಂದು ಪಾತ್ರದ ಚಿತ್ರಗಳನ್ನು ಇಡಲು ಮೆಮೊರಿಯಲ್ಲಿ ಜಾಗ ಇರಲಿಲ್ಲ. ಹಾಗಾಗಿ ರಾಜಕುಮಾರನ ಚಿತ್ರಗಳನ್ನೇ ಸ್ವಲ್ಪ ಬದಲಿಸಿ ತೋರಿಸಿ ಅವನದೇ ನೆರಳನ್ನು ಶತ್ರು ಮಾಡಿದರು. ನಾಲ್ಕನೇ ಲೆವೆಲ್‌ನಲ್ಲಿ ಕನ್ನಡಿ ಒಡೆದು ಹಾರಿದಾಗ ಅದು ಹೊರಬರುತ್ತದೆ. ಮುಂದೆ ನಿಮಗಾಗಿ ಇದ್ದ ಮದ್ದನ್ನು ಕುಡಿದುಬಿಡುತ್ತದೆ. ಕೊನೆಗೆ ಕತ್ತಿ ಹಿಡಿದು ಎದುರು ನಿಂತಾಗ ನೀವು ಅದಕ್ಕೆ ಹೊಡೆದರೆ ಏಟು ನಿಮಗೂ ಬೀಳುತ್ತದೆ. ಕತ್ತಿ ಒರೆಗೆ ಹಾಕಿ ಮುಂದೆ ನಡೆಯುವುದೊಂದೇ ದಾರಿ. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಏಟು ತಿಂದೇ ಹೊಳೆಯಬೇಕು.

ಸೂಪರ್ ಮಾರಿಯೊ ಬ್ರದರ್ಸ್ (1985) ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಮೊದಲ ಅಣಬೆ ಮಾತ್ರ ಗಮನಿಸಿ. ಅದು ಬಲಕ್ಕೆ ಜಾರಿ, ಪೈಪಿಗೆ ಬಡಿದು, ವಾಪಸ್ ನಿಮ್ಮ ಕಡೆಗೇ ಬರುತ್ತದೆ. ಶತ್ರು ಎಂದು ಹೆದರಿ ಹಾರಿದರೂ ಮೇಲಿರುವ ಇಟ್ಟಿಗೆಗೆ ತಲೆ ತಗುಲಿ ಅದರ ಮೇಲೇ ಬೀಳುವುದೇ ಜಾಸ್ತಿ. ಬಿದ್ದ ಮೇಲೆ ಗೊತ್ತಾಗುತ್ತದೆ, ಅಣಬೆ ಒಳ್ಳೆಯದು ಅಂತ.

ಟೆಟ್ರಿಸ್‌ನದು ಬೇರೆ ಕಥೆ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್ ಅದನ್ನು ಬರೆದ ಎಲೆಕ್ಟ್ರೊನಿಕಾ 60 ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿಯೇ ಮೇಲಿಂದ ಬೀಳುವ ತುಂಡುಗಳನ್ನು ತೋರಿಸಿದರು. ಮೂಲ ಟೆಟ್ರಿಸ್‌ನಲ್ಲಿ ಗೆಲುವು ಎಂಬುದೇ ಇಲ್ಲ, ಎಷ್ಟು ಹೊತ್ತು ತಡೆದುಕೊಳ್ಳುತ್ತೀರಿ ಅಷ್ಟೇ. ನಿಂಟೆಂಡೊದ 1989ರ ಟೆಟ್ರಿಸ್‌ನಲ್ಲಿ ತುಂಡುಗಳು ತೀರಾ ವೇಗವಾಗಿ ಬೀಳುವ 29ನೇ ಲೆವೆಲ್ ದಾಟಲು ಮನುಷ್ಯರಿಂದ ಆಗುವುದಿಲ್ಲ ಎಂದು ಬಹಳ ಕಾಲ ನಂಬಿದ್ದರು. ಆಮೇಲೆ ಗುಂಡಿ ಒತ್ತುವ ಹೊಸ ಹೊಸ ವಿಧಾನಗಳು ಬಂದವು. 2023ರ ಕೊನೆಗೆ 13 ವರ್ಷದ ಹುಡುಗನೊಬ್ಬ 157ನೇ ಲೆವೆಲ್ ತಲುಪಿದ, ಗೇಮೇ ಹ್ಯಾಂಗ್ ಆಯಿತು. ಸೋತದ್ದು ಆಟ!

ಇವನ್ನೆಲ್ಲ ಈಗ ಆಡಿ ನೋಡುವ ಮನಸ್ಸಿದ್ದರೆ ಒಂದು ಮಾತು. ಹೊಸ ಟಿವಿಗಳು ಚಿತ್ರವನ್ನು ಚೆಂದ ಮಾಡಿ ತೋರಿಸುವ ಭರದಲ್ಲಿ ಸ್ವಲ್ಪ ತಡ ಮಾಡುತ್ತವೆ. ಗುಂಡಿ ಒತ್ತಿದ ಮೇಲೆ ಮಾರಿಯೊ ಹಾರುವುದು ಒಂದು ಚೂರು ತಡವಾದರೂ ಹಳ್ಳದೊಳಗೆ ಬೀಳುತ್ತಾನೆ. ಆಟವನ್ನು ಬೈಯುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಗೇಮ್ ಮೋಡ್ ಆನ್ ಮಾಡಿಕೊಳ್ಳಿ.