ದನಗಾಹಿಗಳ ಕವಿಗೋಷ್ಠಿ

ಫೆಬ್ರುವರಿಯ ಬೆಳಗಿನ ಚಳಿಯಲ್ಲಿ ಆ ಹೊಗೆ ಮೂಗಿಗೆ ಬಡಿದ ಕೂಡಲೇ ನನಗೆ ನೆನಪಾದದ್ದು ರೋಣ ತಾಲ್ಲೂಕಿನ ನಮ್ಮ ಮನೆಯ ಬಚ್ಚಲೊಲೆ. ಪಶ್ಚಿಮ ಟೆಕ್ಸಸ್ಸಿನ ಆಲ್ಪೈನ್ ಎಂಬ ಪುಟ್ಟ ಪಟ್ಟಣದ ಉದ್ಯಾನದಲ್ಲಿ, ಹಳೆಯ ಮರದ ಗಾಡಿಗಳ ಮಗ್ಗುಲಿಗೆ, ದೊಡ್ಡ ಟೋಪಿಯ ನಾಲ್ಕೈದು ಗಂಡಸರು ಮೆಸ್ಕೀಟ್ ಕಟ್ಟಿಗೆಯ ಬೆಂಕಿ ಹಾಕಿಕೊಂಡು ಊರಿಗೆಲ್ಲ ನಾಷ್ಟಾ ಮಾಡುತ್ತಿದ್ದರು. ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಬಳ್ಳಾರಿಯ ಹೆಸರು ಹೊತ್ತಿದ್ದರೂ ಜಾಲಿಯ ಮೂಲ ಅಮೆರಿಕ ಖಂಡವೇ ಆದ್ದರಿಂದ, ಇಲ್ಲಿ ಹೊರಗಿನವಳು ನಾನೇ ಹೊರತು ಆ ಹೊಗೆಯಲ್ಲ.

ಮೂರು ವರ್ಷಗಳ ಹಿಂದೆ ನನ್ನ ಪತಿಗೆ ಇಲ್ಲಿ ಕೆಲಸ ಸಿಕ್ಕಾಗ ನಕಾಶೆಯಲ್ಲಿ ಈ ಊರನ್ನು ಹುಡುಕಲು ನಮಗೆ ಸ್ವಲ್ಪ ಹೊತ್ತೇ ಹಿಡಿಯಿತು. ಆಲ್ಪೈನ್ ಸಮುದ್ರಮಟ್ಟದಿಂದ ಸುಮಾರು 1,360 ಮೀಟರ್ ಎತ್ತರದಲ್ಲಿದೆ, ಎಂದರೆ ಬೆಂಗಳೂರಿಗಿಂತ ಎತ್ತರ. 2020ರ ಜನಗಣತಿಯ ಪ್ರಕಾರ ಇಲ್ಲಿರುವವರು ಆರು ಸಾವಿರ ಮಂದಿ. ಇದು ಕೇಂದ್ರವಾಗಿರುವ ಬ್ರೂಸ್ಟರ್ ಕೌಂಟಿಯ ವಿಸ್ತಾರ ಸುಮಾರು 16,000 ಚದರ ಕಿಲೋಮೀಟರ್. ಬೆಳಗಾವಿ ಜಿಲ್ಲೆಗಿಂತಲೂ ದೊಡ್ಡದಾದ ಈ ನೆಲದಲ್ಲಿ ಹತ್ತು ಸಾವಿರ ಜನವೂ ಇಲ್ಲ. ದೊಡ್ಡ ನಗರವೆಂದರೆ ಎಲ್ ಪಾಸೊ, ಅದಕ್ಕೆ ಮುನ್ನೂರೈವತ್ತು ಕಿಲೋಮೀಟರ್ ಹೋಗಬೇಕು. ಹೊರಗಿನಿಂದ ಕಲೆಯೂ ಮನರಂಜನೆಯೂ ಬರುವುದನ್ನು ಕಾಯುತ್ತ ಕೂತರೆ ನಡೆಯದ ಊರು ಇದು ಎಂಬುದು ಬಂದ ಮೊದಲ ಚಳಿಗಾಲದಲ್ಲೇ ನನಗೆ ತಿಳಿಯಿತು.

ಆ ನಾಷ್ಟಾ ಕೌಬಾಯ್ ಕವಿಗೋಷ್ಠಿಯ ಭಾಗ. 1987ರಲ್ಲಿ ಇಲ್ಲಿ ಆರಂಭವಾದ ಟೆಕ್ಸಸ್ ಕೌಬಾಯ್ ಪೊಯೆಟ್ರಿ ಗ್ಯಾದರಿಂಗ್, ಅದಕ್ಕೆ ಎರಡು ವರ್ಷ ಮೊದಲು ನೆವಾಡಾದ ಎಲ್ಕೊ ಪಟ್ಟಣದಲ್ಲಿ ಶುರುವಾದ ಇಂಥದೇ ಸಮ್ಮೇಳನದ ತಂಗಿ ಎನ್ನಬಹುದು. ಮೂವತ್ತಕ್ಕೂ ಹೆಚ್ಚು ವರ್ಷ ನಡೆಸಿದ ಹಿರಿಯರು 2019ರಲ್ಲಿ ಅದನ್ನು ನಿಲ್ಲಿಸಿದಾಗ ಊರಿನವರೇ ಕೈಗೆತ್ತಿಕೊಂಡು ಮರುವರ್ಷದಿಂದ ಲೋನ್ ಸ್ಟಾರ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದ್ದಾರೆ. ಬೆಳಗ್ಗೆ ಉದ್ಯಾನದ ಪೊಯೆಟ್ಸ್ ಗ್ರೋವ್ ಎಂಬ ಮರಗಳ ತೋಪಿನಲ್ಲಿ ಚಕ್ ವ್ಯಾಗನ್ ಅಡುಗೆ, ಹಗಲೆಲ್ಲ ಸುಲ್ ರಾಸ್ ವಿಶ್ವವಿದ್ಯಾಲಯದ ಕೊಠಡಿಗಳಲ್ಲಿ ವಾಚನ, ಸಂಜೆಗೆ ದೊಡ್ಡ ಸಭಾಂಗಣದಲ್ಲಿ ಹಾಡು. ಚಕ್ ವ್ಯಾಗನ್ ಎಂದರೆ ಅಡುಗೆಮನೆಯನ್ನೇ ಹೊತ್ತ ಗಾಡಿ. ತಿಂಗಳುಗಟ್ಟಲೆ ದನಗಳ ಮಂದೆಯನ್ನು ಹೊಡೆದುಕೊಂಡು ಹೋಗುವವರಿಗಾಗಿ ಚಾರ್ಲ್ಸ್ ಗುಡ್‌ನೈಟ್ ಎಂಬ ರಾಂಚ್ (ದನ ಸಾಕುವ ವಿಶಾಲ ಹುಲ್ಲುಗಾವಲು) ಮಾಲೀಕ 1866ರಲ್ಲಿ ಇದನ್ನು ರೂಪಿಸಿದ. ಎರಕದ ಕಬ್ಬಿಣದ ದಪ್ಪ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಅವರು ಹುಳಿಹಿಟ್ಟಿನ ಬಿಸ್ಕತ್ತು ಸುಡುತ್ತಾರೆ. ಹೆಸರು ಬಿಸ್ಕತ್ತು ಎಂದಿದ್ದರೂ ಅದು ಮೆತ್ತನೆಯ ರೊಟ್ಟಿಯೇ. ಮಾಂಸ ತಿನ್ನದ ನನಗೆ ಆ ಬಿಸ್ಕತ್ತು, ಜೇನು ಮತ್ತು ಚರಟ ತಳಕ್ಕಿಳಿಯುವ ಮೊದಲೇ ಬಗ್ಗಿಸಿದ ಕರೀ ಕಾಫಿ ಸಿಕ್ಕಿದವು. ಕಾಫಿಯ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು.

ಕೊಠಡಿಗಳಲ್ಲಿ ನಡೆಯುವ ವಾಚನಕ್ಕೆ ನಾನು ಯಾವ ನಿರೀಕ್ಷೆಯೂ ಇಲ್ಲದೆ ಹೋಗಿ ಕೂತೆ. ಪಾಠದ ಕೊಠಡಿ, ಬಿಳಿ ಹಲಗೆಯ ಮೇಲೆ ಹಿಂದಿನ ದಿನದ ಯಾವುದೋ ಸಮೀಕರಣ ಅರ್ಧ ಅಳಿಸಿ ಉಳಿದಿತ್ತು. ಎಪ್ಪತ್ತು ದಾಟಿದ ಒಬ್ಬರು ಎದ್ದು ನಿಂತರು. ಕೈಯಲ್ಲಿ ಕಾಗದವಿಲ್ಲ, ಕನ್ನಡಕವಿಲ್ಲ. ತನ್ನನ್ನು ಮೂರು ಸಲ ಕೆಡವಿದ ಕುದುರೆಯೊಂದರ ಮೇಲೆ ಕಟ್ಟಿದ ಪದ್ಯವನ್ನು, ನಾಲ್ಕು ಸಾಲಿಗೊಮ್ಮೆ ಪ್ರಾಸ ಬರುವಂತೆ, ಪಕ್ಕದ ಮನೆಯವರೊಡನೆ ಮಾತನಾಡುವ ದನಿಯಲ್ಲಿ ಹೇಳುತ್ತ ಹೋದರು. ಆರನೆಯದೋ ಏಳನೆಯದೋ ನುಡಿಯಲ್ಲಿ ಸಾಲು ಮರೆತುಹೋಯಿತು. ಅವರು ಗಾಬರಿಯಾಗಲಿಲ್ಲ, ಟೋಪಿಯನ್ನು ಕೊಂಚ ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ, ಬಲಗೈಯ ಬೆರಳುಗಳಿಂದ ತೊಡೆಯ ಮೇಲೆ ತಾಳ ಹಾಕಿಕೊಳ್ಳುತ್ತ ಹಿಂದಿನ ನುಡಿಯನ್ನು ಮೊದಲಿನಿಂದ ಎತ್ತಿಕೊಂಡರು. ಓಟಕ್ಕೆ ಬಿದ್ದ ಕೂಡಲೇ ಮರೆತ ಸಾಲು ತಾನಾಗಿಯೇ ಬಾಯಿಗೆ ಬಂತು. ಬಾಯಿಪಾಠವೆಂಬುದು ತಲೆಯಲ್ಲಿರುವುದಿಲ್ಲ, ಲಯದಲ್ಲಿರುತ್ತದೆ ಎಂದು ನಮ್ಮ ಅಜ್ಜ ಹೇಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ.

ಎಲ್ಲವೂ ಹೀಗಿರುತ್ತದೆಂದಲ್ಲ. ಬೇಲಿ ಬಂದು ಬಯಲು ಹೋಯಿತೆಂದು ಹಲುಬುವ ಪದ್ಯಗಳು ಹತ್ತರಲ್ಲಿ ನಾಲ್ಕಾದರೂ ಇರುತ್ತವೆ, ಮತ್ತು ತೀರ ಹೊಸ ಬೂಟು ತೊಟ್ಟವರ ಪದ್ಯದಲ್ಲಿ ಅಳು ಹೆಚ್ಚು ಎಂಬುದು ನನ್ನ ಅನುಭವ. ಬರಗಾಲದಲ್ಲಿ ದನ ಮಾರಿದ ದಿನದ ಬಗ್ಗೆ, ಬ್ಯಾಂಕಿನ ಸಾಲದ ಬಗ್ಗೆ, ಹೆರಲಾರದ ಕಡಸಿನ ಪಕ್ಕದಲ್ಲಿ ಇರುಳೆಲ್ಲ ಕೂತ ಹೆಂಡತಿಯ ಬಗ್ಗೆ ಹೇಳುವವರು ಮಾತ್ರ ನಗಿಸುತ್ತಲೇ ಹೇಳುತ್ತಾರೆ.

ಈ ಪದ್ಯಗಳ ಮೂಲ ಹತ್ತೊಂಬತ್ತನೆಯ ಶತಮಾನದ ಇರುಳು ಕಾವಲಿನಲ್ಲಿದೆ. ಸಾವಿರಾರು ದನಗಳ ಮಂದೆಯನ್ನು ಟೆಕ್ಸಸ್ಸಿನಿಂದ ಕ್ಯಾನ್ಸಸ್‌ನ ರೈಲು ನಿಲ್ದಾಣಗಳವರೆಗೆ ಹೊಡೆದುಕೊಂಡು ಹೋಗುವಾಗ, ಕತ್ತಲಲ್ಲಿ ಒಂದು ಗುಡುಗಿಗೆ, ಒಂದು ಕಡ್ಡಿ ಮುರಿದ ಸದ್ದಿಗೆ ಇಡೀ ಮಂದೆ ಬೆದರಿ ಓಡುವ ಅಪಾಯವಿತ್ತು. ಆದ್ದರಿಂದ ಇಬ್ಬರು ಸವಾರರು ಎದುರುಬದುರು ದಿಕ್ಕಿನಲ್ಲಿ ಮಂದೆಯ ಸುತ್ತ ನಿಧಾನವಾಗಿ ಸುತ್ತುತ್ತ, ಮನುಷ್ಯರು ಇಲ್ಲೇ ಇದ್ದೇವೆ ಎಂದು ದನಗಳಿಗೆ ಭರವಸೆ ಕೊಡಲು ಎಳೆದೆಳೆದು ಹಾಡುತ್ತಿದ್ದರಂತೆ. ಇದನ್ನು ಕೇಳಿದಾಗ ನನಗೆ ಸುಮ್ಮನೆ ಕೂರಲಾಗಲಿಲ್ಲ. ನಮ್ಮ ಕಡೆ ಬಿಳಿಜೋಳದ ರಾಶಿಯ ಕಾಲದಲ್ಲಿ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆಗಳ ಮೇಲೆ ಇರುಳೆಲ್ಲ ಸುತ್ತಿಸುವ ಹಂತಿಯಲ್ಲಿಯೂ ಹಾಡೇ ಆಧಾರ. ಒಬ್ಬರು ಹಂತಿಯ ಪದ ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುತ್ತಾರೆ. ವ್ಯತ್ಯಾಸ ಇಷ್ಟೇ: ಅವರ ಹಾಡು ದನ ಮಲಗಲೆಂದು, ನಮ್ಮದು ಎತ್ತು ಮಲಗದಿರಲೆಂದು. ಎರಡು ಕಡೆಯೂ ಮನುಷ್ಯ ವೃತ್ತಾಕಾರವಾಗಿ ಸುತ್ತುತ್ತಲೇ ಹಾಡಿದ್ದಾನೆ, ಎರಡು ಕಡೆಯೂ ಕೇಳುಗರಿಗೆ ಬಾಲವಿದೆ.

ಇಲ್ಲಿನ ವಿಶ್ವವಿದ್ಯಾಲಯವೂ ಈ ಕಸುಬಿನಿಂದ ದೂರ ನಿಂತದ್ದಲ್ಲ. ಟೆಕ್ಸಸ್ಸಿನ ಗವರ್ನರ್ ಆಗಿದ್ದ ಲಾರೆನ್ಸ್ ಸಲಿವನ್ ರಾಸ್ ಅವರ ಹೆಸರಿನಲ್ಲಿ, ಶಿಕ್ಷಕರ ತರಬೇತಿಗಾಗಿ, 1920ರಲ್ಲಿ ತರಗತಿಗಳನ್ನು ಆರಂಭಿಸಿದ ಈ ಸಂಸ್ಥೆಯ ಲಾಂಛನವೇ ದನಕ್ಕೆ ಒತ್ತುವ ಬರೆಯ ಗುರುತು. ಆವರಣದ ಹಿಂದಿನ ಗುಡ್ಡದ ಮೇಲೆ ಆ ಗುರುತನ್ನು ಊರಿಗೆಲ್ಲ ಕಾಣುವಂತೆ ಬಿಡಿಸಿದ್ದಾರೆ. ವಿಶ್ವವಿದ್ಯಾಲಯದ ಒಳಗಿರುವ ಮ್ಯೂಸಿಯಂ ಆಫ್ ದಿ ಬಿಗ್ ಬೆಂಡ್‌ನಲ್ಲಿ, 1937ರ ಕಲ್ಲಿನ ಕಟ್ಟಡದಲ್ಲಿ, ಕುದುರೆಯ ಜೀನುಗಳೂ ಲಗಾಮುಗಳೂ ವರ್ಣಚಿತ್ರಗಳ ಸರಿಸಮಕ್ಕೆ ಪ್ರದರ್ಶನಕ್ಕೆ ನಿಲ್ಲುತ್ತವೆ. ಹಸಿ ತೊಗಲಿನ ಎಳೆಗಳನ್ನು ಹೆಣೆದು ಮಾಡಿದ ಒಂದು ಲಗಾಮಿನ ಹಗ್ಗವನ್ನು ನಾನು ಗಾಜಿಗೆ ಮೂಗು ತಾಗಿಸಿ ನೋಡಿದೆ: ಎಳೆ ಒಂದೊಂದೂ ಶಾವಿಗೆಯಷ್ಟೇ ದಪ್ಪ, ಗಂಟು ಎಲ್ಲಿ ಮುಗಿಯಿತೆಂದು ಕಣ್ಣಿಗೆ ಸಿಗುವುದಿಲ್ಲ.

ಅಕ್ಟೋಬರ್‌ನಲ್ಲಿ ಕಾಲೇಜುಗಳ ರೋಡಿಯೊ, ಎಂದರೆ ಹೋರಿ ಕುದುರೆಗಳ ಸವಾರಿಯ ಪಂದ್ಯ, ನಡೆಯುತ್ತದೆ. 1949ರಲ್ಲಿ ಅಮೆರಿಕದ ಅಂತರ ಕಾಲೇಜು ರೋಡಿಯೊ ಸಂಘ ಹುಟ್ಟಿದ್ದರಲ್ಲಿ ಸುಲ್ ರಾಸ್‌ನ ವಿದ್ಯಾರ್ಥಿಗಳು ಮುಂದಾಳುಗಳಾಗಿದ್ದುದರಿಂದ ಊರಿಗೆ ಇದು ಪ್ರತಿಷ್ಠೆಯ ಹಬ್ಬ. ಹೋರಿಯ ಬೆನ್ನ ಮೇಲೆ ಒಂದೇ ಕೈ ಹಿಡಿದು ಎಂಟು ಸೆಕೆಂಡು ಕೂರಬೇಕು. ಹಾವೇರಿಯ ಕೊಬ್ಬರಿ ಹೋರಿಯನ್ನು ಕಂಡವರಿಗೆ ಎಂಟು ಸೆಕೆಂಡು ಕಡಿಮೆ ಅನ್ನಿಸಬಹುದು, ಕಂಬಿಯ ಹತ್ತಿರ ನಿಂತು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸವಾರರಲ್ಲ, ಒಂದು ಬೂದು ಬಣ್ಣದ ಹೋರಿ. ಎತ್ತರದ ಹಿಣಿಲು, ತೂಗಾಡುವ ಗಂಗೆದೊಗಲು, ಜೋತ ಕಿವಿ. ಸುತ್ತಲಿನ ಕೆಂಪು ಹೆರ್‌ಫರ್ಡ್ ಮತ್ತು ಕರಿಯ ಆಂಗಸ್‌ಗಳ ನಾಡಿನಲ್ಲಿ ಅದೊಂದು ನಮ್ಮ ಜಾತ್ರೆಯಿಂದ ತಪ್ಪಿಸಿಕೊಂಡು ಬಂದಂತಿತ್ತು. ಅದು ಬ್ರಾಹ್ಮನ್ ಎಂಬ ತಳಿಯ ರಕ್ತದ್ದು. ಬಿಸಿಲು, ಉಣ್ಣಿಯ ಕಾಟ ತಡೆಯಬಲ್ಲ ದನಗಳಿಗಾಗಿ ಅಮೆರಿಕದವರು ಭಾರತದ ಗಿರ್, ಕಾಂಕ್ರೇಜ್, ಓಂಗೋಲ್ ತಳಿಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯನ್ನೂ ಬೆರೆಸಿ ಇದನ್ನು ಬೆಳೆಸಿದರು. ಎರೆಹೊಲದ ಎತ್ತಿನ ನೆಂಟ ಇಲ್ಲಿ ಬೆನ್ನ ಮೇಲೆ ಕೂತವರನ್ನು ಒಗೆಯುವ ಉದ್ಯೋಗ ಹಿಡಿದಿರುವುದನ್ನು ಕಂಡು ನನಗೆ ಅಭಿಮಾನವೂ ಸಂಕೋಚವೂ ಒಟ್ಟಿಗೇ ಆದವು.

ಆದರೆ ಈ ಹಬ್ಬಗಳಲ್ಲಿ ನನಗೆ ಕಸಿವಿಸಿ ಉಂಟುಮಾಡುವ ಸಂಗತಿಯೂ ಒಂದಿದೆ. ರಾಂಚ್, ರೋಡಿಯೊ, ದನ ಹಿಡಿಯುವ ಕುಣಿಕೆ ಹಗ್ಗಗಳಾದ ಲಾಸೊ, ಲಾರಿಯಟ್, ಸವಾರರ ತೊಗಲಿನ ಕಾಲುಕವಚವಾದ ಚ್ಯಾಪ್ಸ್, ಈ ಕಸುಬಿನ ಮುಖ್ಯ ಪದಗಳೆಲ್ಲ ಸ್ಪ್ಯಾನಿಷ್ ಮೂಲದವು. ಕೌಬಾಯ್‌ನ ಮೊದಲ ಗುರು ಮೆಕ್ಸಿಕೊದ ವಕೇರೊ. ನಮ್ಮಲ್ಲಿ ಗೋವಿನಿಂದ ಗೋವಳ ಬಂದ ಹಾಗೆ, ಆಕಳಿಗೆ ಸ್ಪ್ಯಾನಿಷ್‌ನಲ್ಲಿರುವ ವಾಕಾ ಎಂಬ ಮಾತಿನಿಂದ ಹುಟ್ಟಿದ ಹೆಸರು. ಹಾಗಿದ್ದೂ ಇಲ್ಲಿಂದ ಪಶ್ಚಿಮಕ್ಕೆ ನಲವತ್ತು ಕಿಲೋಮೀಟರ್ ದೂರದ ಮಾರ್ಫಾ ಪಟ್ಟಣದಲ್ಲಿ, ಮೆಕ್ಸಿಕನ್ ಮೂಲದ ಮಕ್ಕಳಿಗೆಂದೇ 1965ರವರೆಗೆ ನಡೆದ ಬ್ಲ್ಯಾಕ್‌ವೆಲ್ ಶಾಲೆಯಲ್ಲಿ, ಮಕ್ಕಳು ಸ್ಪ್ಯಾನಿಷ್ ಮಾತನಾಡಿದರೆ ಶಿಕ್ಷೆಯಿತ್ತು. 1954ರಲ್ಲಿ ಅವರ ಕೈಯಿಂದಲೇ ಸ್ಪ್ಯಾನಿಷ್ ಮಾತುಗಳನ್ನು ಚೀಟಿಯಲ್ಲಿ ಬರೆಸಿ, ಆ ಭಾಷೆಗೆ ಉತ್ತರಕ್ರಿಯೆಯಂತೆ, ಮಣ್ಣಿನಲ್ಲಿ ಹೂಳಿಸಿದರು. ಆ ಕಟ್ಟಡ ಈಗ ರಾಷ್ಟ್ರೀಯ ಐತಿಹಾಸಿಕ ತಾಣ. ಮಾರ್ಫಾಕ್ಕೆ ಕಲಾವಿದ ಡೊನಾಲ್ಡ್ ಜಡ್‌ರ ಕಾಂಕ್ರೀಟಿನ ಪೆಟ್ಟಿಗೆಗಳನ್ನು ನೋಡಲು ದೇಶ ದೇಶಗಳಿಂದ ಜನ ಬರುತ್ತಾರೆ. ಮಣ್ಣಿನ ಇಟ್ಟಿಗೆಯ ಆ ಶಾಲೆಯ ಮುಂದೆ ನಾವು ನಿಂತಾಗ ನಮ್ಮ ಹೊರತು ಇನ್ನೊಬ್ಬರಿರಲಿಲ್ಲ. ಗೋಷ್ಠಿಯಲ್ಲಿ ಲಾರಿಯಟ್ ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ ಆ ಚೀಟಿಗಳಲ್ಲಿ ಇದೂ ಒಂದು ಇತ್ತೇನೋ ಎನ್ನಿಸುತ್ತದೆ.

ಈ ಸಲದ ಗೋಷ್ಠಿಯ ಕೊನೆಯ ದಿನ, ಸಾಲು ಮರೆತು ಮತ್ತೆ ಹಿಡಿದಿದ್ದ ಆ ಹಿರಿಯರು ನಾಷ್ಟಾದ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು. ಮಾತಿಗೆ ಮಾತು ಬೆಳೆದು ನಾನು ಹಂತಿಯ ವಿಷಯ ಹೇಳಿದೆ. ಮೇಟಿ ಎಂದರೇನು, ಎತ್ತುಗಳನ್ನು ಯಾವ ಕ್ರಮದಲ್ಲಿ ಕಟ್ಟುತ್ತಾರೆ, ಒಳಗಿನ ಎತ್ತು ಕಡಿಮೆ ನಡೆಯಬೇಕಾದ್ದರಿಂದ ಅದು ಮುದಿಯದಾಗಿರಬೇಕೇ ಎಂದು ಅವರು ಕೇಳಿದ ಪ್ರಶ್ನೆಗಳಿಗೆ ನನಗೆ ಅರ್ಧ ಮಾತ್ರ ಉತ್ತರ ಗೊತ್ತಿತ್ತು. ಈಗಲೂ ಹಾಡುತ್ತಾರೆಯೇ ಎಂದರು. ವೇದಿಕೆಯ ಮೇಲೆ ಹಾಡುತ್ತಾರೆ, ಕಣದಲ್ಲಿ ಇಲ್ಲ, ಈಗ ರಾಶಿಗೆ ಯಂತ್ರ ಬಂದಿದೆ, ಕೆಲವರು ಬೆಳೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿಬಿಡುತ್ತಾರೆ, ಓಡಾಡುವ ಲಾರಿಗಳೇ ತುಳಿದು ಕಾಳು ಬಿಡಿಸುತ್ತವೆ ಎಂದೆ. ಅವರು ಕಾಫಿಯ ತಗಡಿನ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಲಾರಿ ಓಡಿಸುವವರಾದರೂ ಹಾಡುತ್ತಾರೋ ಎಂದು ಕೇಳಿದರು.