ಸೋಯಾ ಸಾಸ್ ಇಲ್ಲದ ದಿನ

ಲಾಸ್ ಏಂಜಲೀಸ್‌ನ ಮಗನ ಮನೆಯಲ್ಲಿ ಮೂರು ವಾರ ಇದ್ದೆ. ಹಾಲಿವುಡ್ಡು, ಮಾಲು ಎಲ್ಲ ಆಯಿತು, ಬರೆಯುವಂಥದ್ದೇನಿಲ್ಲ. ಗಾಂಧಿ ಪ್ರತಿಮೆ ಇದೆಯೆಂದು ಸೊಸೆ ಹೇಳಿದ್ದಕ್ಕೆ ಒಂದು ಶನಿವಾರ ಒಬ್ಬಳೇ ರೈಲು ಹತ್ತಿ ರಿವರ್‌ಸೈಡ್‌ಗೆ ಹೋದೆ.

ಗಾಂಧಿ ಸಿಕ್ಕರು. ಅದೇ ಮೇನ್ ಸ್ಟ್ರೀಟಿನಲ್ಲಿ ಇನ್ನೊಂದು ಪ್ರತಿಮೆ: ಆನ್ ಚಾಂಗ್ ಹೋ. ನಾನು ಹೆಸರೂ ಕೇಳಿರಲಿಲ್ಲ. ಹತ್ತಿರದ ಬೆಂಚಿನಲ್ಲಿ ಟೋಪಿ ಹಾಕಿ ಕೂತಿದ್ದ ಕೊರಿಯನ್ ಅಜ್ಜಿಯನ್ನು ಕೇಳಿದೆ. ಎಂಬತ್ತು ದಾಟಿದವರು, ಹುಟ್ಟಿದ್ದು ಇಲ್ಲೇ.

ಅವರು ಹೇಳಿದ ಕಥೆ ಇದು. ಆನ್ ಕೊರಿಯಾದ ಸ್ವಾತಂತ್ರ್ಯ ಹೋರಾಟಗಾರ, 1902ರಲ್ಲಿ ಓದಲೆಂದು ಅಮೆರಿಕಕ್ಕೆ ಬಂದವರು. ಎರಡು ವರ್ಷದ ಮೇಲೆ ಈ ಊರಿನ ತೋಟಗಳಲ್ಲಿ ಕಿತ್ತಳೆ ಕೊಯ್ದರು. ರೈಲುಹಳಿ ಪಕ್ಕದ ಪಚಾಪ ಕ್ಯಾಂಪಿನ ಕೊರಿಯನ್ ಕೂಲಿಗಳನ್ನು ಒಟ್ಟುಗೂಡಿಸಿದರು. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. 1919ರಲ್ಲಿ ಶಾಂಘೈಯಲ್ಲಿ ದೇಶಭ್ರಷ್ಟರು ತಾತ್ಕಾಲಿಕ ಸರ್ಕಾರ ಕಟ್ಟಿದಾಗ ಇಲ್ಲಿನ ಕೂಲಿಯವರೂ ಹಣ ಕಳಿಸಿದರು. ಆನ್ ಅಲ್ಲಿಗೇ ಹೊರಟರು. ಒಮ್ಮೆ ಬಂದು ಹೋದದ್ದು ಬಿಟ್ಟರೆ ಮತ್ತೆ ಸಂಸಾರದ ಜೊತೆ ಇರಲಿಲ್ಲ. 1926ರಲ್ಲಿ ಹುಟ್ಟಿದ ಕೊನೆಯ ಮಗನ ಮುಖವನ್ನೂ ನೋಡದೆ 1938ರಲ್ಲಿ ತೀರಿಕೊಂಡರು.

"ಹಣ ಎಲ್ಲಿಂದ ಬರ್ತಿತ್ತು?" ಎಂದೆ.

"ಅಡುಗೆಮನೆಯಿಂದ," ಎಂದರು. ಅವರಜ್ಜಿ ಕ್ಯಾಲಿಫೋರ್ನಿಯಾದ್ದೇ ಡಿನೂಬಾ ಊರಿನ ದ್ರಾಕ್ಷಿ ತೋಟದಲ್ಲಿದ್ದವರು. 1919ರಲ್ಲಿ ಅಲ್ಲಿ ಕೊರಿಯನ್ ಹೆಂಗಸರ ದೇಶಭಕ್ತ ಸಂಘ ಹುಟ್ಟಿತು. ವಾರದಲ್ಲಿ ಕೆಲವು ದಿನ ಮಾಂಸ ಇಲ್ಲ, ಅಡುಗೆಗೆ ಉಪ್ಪುರುಚಿ ಕೊಡುವ ಸೋಯಾ ಸಾಸ್ ಇಲ್ಲ. ಉಳಿದ ಕಾಸು ದೇಶಕ್ಕೆ. ನಾನು ಮಾಂಸ ತಿನ್ನದವಳು, ಅದೇನೂ ದೊಡ್ಡದೆನಿಸಲಿಲ್ಲ. ಆದರೆ ದಿನವಿಡೀ ತೋಟದಲ್ಲಿ ಬೆವರು ಸುರಿಸಿ ಬಂದು ಸಪ್ಪೆ ಊಟ?

ನಮ್ಮ ಅಂಕೋಲೆಯ 1930ರ ಉಪ್ಪಿನ ಸತ್ಯಾಗ್ರಹದ ಕಥೆ ಹೇಳಿದೆ.

"ಉಪ್ಪು ತಿನ್ನೋದು ಬಿಟ್ಟರಾ?"

"ಇಲ್ಲ, ನಾವೇ ಮಾಡಿದೆವು. ಅದೇ ತಪ್ಪಾಗಿತ್ತು."

ಅವರು ಗಾಂಧಿಯ ಕಡೆ ನೋಡಿ ಜೋರಾಗಿ ನಕ್ಕರು. "ನಮ್ಮಜ್ಜಿಗೆ ಸಾಸ್ ಮಾಡೋಕೆ ಬರ್ತಿತ್ತು. ಬಿಡೋ ದಿನ ಭರಣಿಯನ್ನು ಮಂಚದ ಕೆಳಗೆ ತಳ್ಳಿಬಿಡೋಳು, ತಾತ ಕದೀತಾರೆ ಅಂತ."

ಈ ಮಾತಿನಲ್ಲೇ ರೈಲು ತಪ್ಪಿತು. ವಾರಾಂತ್ಯದಲ್ಲಿ ಅಲ್ಲಿಂದ ರೈಲು ಕಡಿಮೆ. ಹೋದ ಕೂಡಲೇ ವಾಪಸು ಹೊರಡುವ ವೇಳೆ ಬರೆದಿಟ್ಟುಕೊಳ್ಳಿ, ನನ್ನ ಹಾಗೆ ಮಾಡಬೇಡಿ. ಕೆಲಸ ಬಿಟ್ಟು ಕಾರು ತಂದ ಮಗ ಅರ್ಧ ದಾರಿ ಮಾತಾಡಲಿಲ್ಲ. ಆಮೇಲೆ ಕೇಳಿದ:

"ಒಬ್ಬ ಗಾಂಧಿ ನೋಡೋಕೆ ಇಷ್ಟು ಹೊತ್ತೇನಮ್ಮಾ?"