ಹುದುಗುವಾಗಲೇ ಎಥನಾಲ್ ತೆಗೆದರೆ ಹೆಚ್ಚು ಎಥನಾಲ್ ಸಿಗುತ್ತದೆಯೇ?

ಬಂಕ್‌ಗಳಿಗೆ ಇ20 ಪೆಟ್ರೋಲ್ (ಶೇ 20ರಷ್ಟು ಎಥನಾಲ್ ಬೆರೆತದ್ದು) ಬಂದ ಮೇಲೆ ಈ ಪ್ರಶ್ನೆ ಕೇಳುವವರು ಜಾಸ್ತಿಯಾಗಿದ್ದಾರೆ. ಕಬ್ಬು ಬೆಳೆಯುವ ನೆಂಟರಿಂದ ಹಿಡಿದು ಬಯೋಟೆಕ್ ಓದುವ ಹುಡುಗರವರೆಗೆ ಎಲ್ಲರದೂ ಒಂದೇ ಮಾತು: "ತಾನು ಮಾಡಿದ ಆಲ್ಕೋಹಾಲಿನಿಂದಲೇ ಯೀಸ್ಟ್ ಸೊರಗುತ್ತದಂತೆ. ಅದನ್ನು ಆಗಿಂದಾಗ್ಗೆ ತೆಗೆಯುತ್ತ ಹೋದರೆ ಎಥನಾಲ್ ಹೆಚ್ಚು ಸಿಗಬೇಕಲ್ಲ?"

ಒಂದು ಟನ್ ಸಕ್ಕರೆಗೆ ಸಿಗುವ ಎಥನಾಲ್ ಹೆಚ್ಚುಕಡಿಮೆ ಅಷ್ಟೇ. 180 ಗ್ರಾಂ ಗ್ಲೂಕೋಸಿಗೆ ಹೆಚ್ಚೆಂದರೆ 92 ಗ್ರಾಂ ಎಥನಾಲ್, ಮಿಕ್ಕ 88 ಗ್ರಾಂ ಇಂಗಾಲದ ಡೈಆಕ್ಸೈಡ್. ಈ ಲೆಕ್ಕವನ್ನು ಯಾವ ಯಂತ್ರವೂ ಮೀರದು. ಉಳಿತಾಯವಾಗುವುದು ಸಮಯ ಮತ್ತು ನೀರು. ನನ್ನ ಮಟ್ಟಿಗೆ ನೀರೇ ದೊಡ್ಡ ಲಾಭ.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ಹುದುಗಿಸುವ ಮುನ್ನ ಬಹಳ ನೀರು ಬೆರೆಸುತ್ತಾರೆ. ಅದಕ್ಕೆ ಮುಖ್ಯ ಕಾರಣವೇ ಯೀಸ್ಟ್. ವಾಶ್ (ನೀರು ಬೆರೆಸಿ ಹುದುಗಿಸುವ ಆ ದ್ರವ) ಮಂದವಾಗಿದ್ದರೆ ಆಲ್ಕೋಹಾಲ್ ಏರುತ್ತಿದ್ದಂತೆ, ಸಕ್ಕರೆ ಇನ್ನೂ ಉಳಿದಿರುವಾಗಲೇ, ಟ್ಯಾಂಕಿನ ನೊರೆ ಕುಗ್ಗಿ ಗುಳ್ಳೆಗಳು ವಿರಳವಾಗುತ್ತವೆ. ಯೀಸ್ಟ್ ಕೋಶದ ಪೊರೆ ಸೋರತೊಡಗುತ್ತದೆ. ಒಳನುಗ್ಗುವ ಆಮ್ಲವನ್ನು ಹೊರದೂಡುವುದರಲ್ಲೇ ಅದರ ಶಕ್ತಿ ಖರ್ಚಾಗುತ್ತದೆ. ಅದಕ್ಕೇ ಆಲ್ಕೋಹಾಲ್ ಶೇ 8–10ರ ಆಸುಪಾಸಿನಲ್ಲಿ ನಿಲ್ಲುವಂತೆ ತೆಳ್ಳಗೆ ಮಾಡುತ್ತಾರೆ. ಆ ನೀರೇ ಕೊನೆಗೆ ಕಂದುಬಣ್ಣದ ಕೊಳೆನೀರಾಗಿ, ಅಂದರೆ ಸ್ಪೆಂಟ್ ವಾಶ್ ಆಗಿ, ಹೊರಬರುತ್ತದೆ. ಹಳೆಯ ಬ್ಯಾಚ್ ಪದ್ಧತಿಯಲ್ಲಿ ಒಂದು ಲೀಟರ್ ಆಲ್ಕೋಹಾಲಿಗೆ 10ರಿಂದ 15 ಲೀಟರ್! ಅದನ್ನು ಕಾಯಿಸಿ ಗಟ್ಟಿ ಮಾಡಿ ವಿಲೇವಾರಿ ಮಾಡುವ ಖರ್ಚು, ಡಿಸ್ಟಿಲರಿ ಪಕ್ಕದ ಊರಿನವರ ಬಾವಿಯ ಆತಂಕ ಎರಡೂ ಇಲ್ಲಿಂದಲೇ ಹುಟ್ಟುತ್ತವೆ.

1977ರಲ್ಲೇ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿಸೆವ್ಸ್ಕಿ ಮತ್ತು ವಿಲ್ಕಿ ನಿರ್ವಾತದಲ್ಲಿ ಹುದುಗಿಸಿ ತೋರಿಸಿದ್ದರು. ಒತ್ತಡವನ್ನು 760 ಮಿ.ಮೀ. ಪಾದರಸದಿಂದ 50ರ ಸುಮಾರಿಗೆ ಇಳಿಸಿದರೆ, ಯೀಸ್ಟ್ ಬದುಕುವ 35 ಡಿಗ್ರಿಯಲ್ಲೇ ವಾಶ್ ಕುದಿದು, ಎಥನಾಲ್ ಆವಿಯಾಗಿ ಹೊರಬರುತ್ತದೆ. ಉತ್ಪಾದನೆಯ ವೇಗ ಹಲವು ಪಟ್ಟು ಏರಿತು. ಆದರೆ ಎಥನಾಲ್ ಜೊತೆ ಹೆಚ್ಚುಕಡಿಮೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡನ್ನೂ ಪಂಪ್ ಎಳೆಯಬೇಕು. ಕರೆಂಟ್ ಖರ್ಚು ಅಲ್ಲೇ. ಯೀಸ್ಟಿಗೆ ಬೇಕಾದ ಚೂರು ಆಮ್ಲಜನಕವನ್ನೂ ನಾವೇ ಊದಬೇಕು.

ಕಾರ್ಖಾನೆಗೆ ಒಗ್ಗಿದ್ದು ಸ್ವೀಡನ್ನಿನ ಆಲ್ಫಾ ಲಾವಲ್ ಕಂಪನಿಯ ಬಯೋಸ್ಟಿಲ್ ದಾರಿ. ಭಾರತದ ಡಿಸ್ಟಿಲರಿಗಳಲ್ಲೂ ಇದು ಬಂದಿದೆ. ವಾಶನ್ನು ಸತತವಾಗಿ ಹೊರತೆಗೆದು, ಯೀಸ್ಟನ್ನು ಸೆಂಟ್ರಿಫ್ಯೂಜಿನಲ್ಲಿ ಬೇರ್ಪಡಿಸಿ ಟ್ಯಾಂಕಿಗೆ ಮರಳಿಸುತ್ತಾರೆ. ಉಳಿದ ದ್ರವ ಬಟ್ಟಿಯ ಕಾಲಮ್ಮಿಗೆ ಹೋಗಿ, ಆಲ್ಕೋಹಾಲ್ ಬಿಟ್ಟು, ತಣ್ಣಗಾಗಿ ಬಹುಪಾಲು ವಾಪಸ್ ಬರುತ್ತದೆ. ಹೊಸ ನೀರು ಕಡಿಮೆ ಸಾಕು, ಸ್ಪೆಂಟ್ ವಾಶ್ ಕೂಡ ಕಡಿಮೆ.

ಇದಕ್ಕೂ ಮಿತಿಯುಂಟು. ಸುತ್ತಿ ಸುತ್ತಿ ಬರುವ ದ್ರವದಲ್ಲಿ ಕಾಕಂಬಿಯ ಪೊಟ್ಯಾಶಿಯಂ, ಕ್ಯಾಲ್ಸಿಯಂ ಲವಣಗಳು ಶೇಖರವಾಗುತ್ತವೆ. ಆಲ್ಕೋಹಾಲ್ ಹೋದರೂ ಉಪ್ಪು ಯೀಸ್ಟಿನ ಕತ್ತು ಹಿಸುಕುತ್ತದೆ. ಹಾಗಾಗಿ ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಕೊನೆಗೆ ಉಳಿಯುವ ಕಡುಗಪ್ಪು ಸಿ-ಹೆವಿ ಕಾಕಂಬಿಗಿಂತ ಕಬ್ಬಿನ ಹಾಲಿನ ಸಿರಪ್ಪಿಗೆ ಈ ವಿಧಾನ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾಲೇಜು ಪ್ರಾಜೆಕ್ಟಿಗೆಂದು ಕೇಳುವವರು ನಿರ್ವಾತದ ಗೋಜಿಗೆ ಹೋಗಬೇಡಿ. ಹುದುಗುವಾಗ ಬರುವ ಅನಿಲವನ್ನೇ ಚಿಕ್ಕ ಪಂಪಿನಿಂದ ವಾಶ್ ಮೂಲಕ ಹಾಯಿಸಿ, ಮೇಲೆ ಬಂದ ಆವಿಯನ್ನು ತಣಿಸಿ ಹಿಡಿಯಿರಿ. ಎಷ್ಟು ಎಥನಾಲ್ ಬಂತು ಎನ್ನುವುದರ ಪಕ್ಕದಲ್ಲೇ, ಲೀಟರಿಗೆ ಎಷ್ಟು ಕೊಳೆನೀರು ಉಳಿಯಿತು, ಪಂಪಿಗೆ ಎಷ್ಟು ಕರೆಂಟ್ ಹೋಯಿತು ಎಂಬುದನ್ನೂ ಬರೆದಿಡಿ.